ನಾಲ್ಕು ಚಪ್ಪರಕ್ಕೆ ಒಂದು ಲಾರಿ ತಗಡು

ಪಾಂಡವಪುರದ ತಿಮ್ಮರಾಜು ದಿನಾ ಬೆಳಗ್ಗೆ ದೀಪ ಹಚ್ಚಿ ದೇವರಲ್ಲಿ ಬೇಡುತ್ತಿದ್ದುದು ಒಂದೇ ವರ. ಮಳೆ ಬರಲಿ, ಕೆರೆ ತುಂಬಲಿ, ಲೋಕವೆಲ್ಲ ತಣ್ಣಗಿರಲಿ. ಆದರೆ ಎಲೆ ಹಾಸಿ ಅನ್ನ ಬಡಿಸುವ ಹೊತ್ತಿಗೆ ಮಾತ್ರ ಬೇಡ ಸ್ವಾಮಿ, ಒಂದರ್ಧ ಗಂಟೆ ತಡೆದುಕೋ.

ಹೀಗೆ ಬೇಡುವುದಕ್ಕೆ ಕಾರಣವಿತ್ತು. ಅವನದು ಮನೆಯ ಮುಂಭಾಗದಲ್ಲೇ ಶಾಮಿಯಾನದ ಅಂಗಡಿ. ಕಂಬ, ಗಳ, ಕೆಂಪು ಹಳದಿ ಪಟ್ಟೆಯ ಬಟ್ಟೆ, ಝಾಲರಿ, ಮಡಿಸುವ ಕುರ್ಚಿ ಎಲ್ಲವೂ ಅವನಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ಹಿಂದಿನ ವರ್ಷ ಹೊಸಹೊಳಲಿನ ಒಂದು ಮದುವೆಗೆ ಅವನು ಬಟ್ಟೆಯ ಚಪ್ಪರ ಹಾಕಿದ್ದ. ಎರಡನೇ ಪಂಕ್ತಿ ಕೂತಿತ್ತು. ಎಲ್ಲಿಂದಲೋ ಬಂದ ಮೋಡ ಸುರಿಯಿತು ನೋಡಿ, ಬಟ್ಟೆಯ ಹೊಟ್ಟೆ ಹಾಲಿಳಿದ ಎಮ್ಮೆ ಕೆಚ್ಚಲಿನಂತೆ ಊದಿತು, ಜೋತಿತು, ತೂಗಿತು. ಸರಿಯಾಗಿ ಅದರ ಕೆಳಗೆ ಕೂತಿದ್ದವನು ಗಂಡಿನ ಸೋದರಮಾವ. ಆ ಪುಣ್ಯಾತ್ಮ ಸಾರಿಗಾಗಿ ಅನ್ನದ ನಡುವೆ ಗುಣಿ ಮಾಡಿಕೊಂಡು ಕಾಯುತ್ತಿದ್ದ. ಗುಣಿ ತುಂಬಿತು, ಸಾರಿನಿಂದಲ್ಲ. ಕ್ಷಣದಲ್ಲಿ ಅನ್ನವೂ ಇಲ್ಲ, ಎಲೆಯೂ ಇಲ್ಲ. ತಲೆಯ ಮೇಲೆ ಝಾಲರಿ ಹೊದ್ದ ಸೋದರಮಾವನೊಬ್ಬನೇ ಇದ್ದ, ಅಭಿಷೇಕ ಮುಗಿದ ದೇವರ ಹಾಗೆ.

ಈ ಸುದ್ದಿ ತಿಮ್ಮರಾಜುವಿಗಿಂತ ಮೊದಲು ಮನೆ ಮುಟ್ಟಿತ್ತು. ಹೆಂಡತಿ ಅಣ್ಣಮ್ಮ ಹಿತ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಗ್ಗ. ಅವಳಿಗೆ ಮೂರು ಸೀಮೆ ಹಸು, ಡೈರಿಗೆ ಹಾಲು ಹಾಕುತ್ತಿದ್ದಳು. ಪಾಪ, ಹಸುಗಳಿಗೆ ಹುಣಸೆ ಮರವೇ ಸೂರು.

"ನೋಡಿ, ಒಂದೇ ಮಾತು ಏಳ್ತೀನಿ," ಅಂದಳು. "ಇನ್ನೊಂದ್ ಮದ್ವೇಲಿ ಒಬ್ರ ಎಲೆ ಮ್ಯಾಲೆ ಒಂದೇ ಒಂದ್ ಅನಿ ಬಿದ್ರೂ, ನಿಮ್ ಕಂಬ, ಗಳ, ಬಟ್ಟೆ ಎಲ್ಲಾನೂ ನನ್ ಅಸಗಳ್ಗೆ ಕೊಟ್ಗೆ ಆಯ್ತವೆ. ನೀವು ನನ್ ಜತೇಲಿ ಡೈರಿಗೆ ಕ್ಯಾನ್ ಒತ್ಕೊಂಡ್ ಬನ್ನಿ."

"ಅಂಗಡಿ ಮುಚ್ಚು ಅಂತೀಯಾ?"

"ಮುಚ್ಚು ಅನ್ನಾಕೆ ನಾನ್ಯಾರು? ಮಳೆರಾಯ ಏಳ್ತಾನೆ."

ಅವಮಾನದ ಬಿಸಿಯಲ್ಲಿ ತಿಮ್ಮರಾಜು ದೇವರ ಪಟದ ಮುಂದೆ ಕರ್ಪೂರ ಹಚ್ಚಿ ಆಗಲಿ ಅಂದುಬಿಟ್ಟ. ಅಣ್ಣಮ್ಮ ಅಷ್ಟಕ್ಕೇ ಬಿಡಲಿಲ್ಲ. ಹಗ್ಗ ಹಿಡಿದು ಕೊಟ್ಟಿಗೆಯ ಅಳತೆ ತೆಗೆದು ಹಿತ್ತಿಲಲ್ಲಿ ನಾಲ್ಕು ಗೂಟ ಹೊಡೆಸಿದಳು. ಅಂದಿನಿಂದ ತಿಮ್ಮರಾಜು ಹಲ್ಲುಜ್ಜಲು ಹೋದರೂ ಆ ನಾಲ್ಕು ಗೂಟ ಅವನನ್ನೇ ನೋಡುತ್ತಿದ್ದವು.

ಹಾಗಾಗಿ ಅವನು ಅರವತ್ತು ತಗಡು ಕೊಂಡ. ಒಂದು ಊಟದ ಚಪ್ಪರಕ್ಕೆ ಸರಿಹೋಗುವಷ್ಟು. ಒಂದು ದಿನಕ್ಕೆ ಒಂದು ಮದುವೆಯಾದರೆ ಚಿಂತೆಯಿಲ್ಲ. ಆದರೆ ತೊಂಬತ್ತೇಳರ ಮೇ ತಿಂಗಳಲ್ಲಿ ಒಂದು ಸೋಮವಾರ ಎಂಥ ಮುಹೂರ್ತ ಕೂಡಿ ಬಂತೆಂದರೆ, ಅದರ ಹಿಂದಿನ ಭಾನುವಾರ ಸಂಜೆಗೆ ಅವನ ಹತ್ತಿರ ನಾಲ್ಕು ಆರತಕ್ಷತೆ ಬಂದು ಕೂತವು. ಒಂದು ನಾಗಮಂಗಲ, ಒಂದು ಕೆ.ಆರ್. ಪೇಟೆ, ಒಂದು ಶ್ರೀರಂಗಪಟ್ಟಣ, ಒಂದು ಪಾಂಡವಪುರದಲ್ಲೇ. ಯಾವುದನ್ನೂ ಬಿಡುವಂತಿಲ್ಲ, ಎಲ್ಲರೂ ಹಳೆಯ ಗಿರಾಕಿಗಳು. ನಾಲ್ಕಕ್ಕೂ ಕಂಬ ನೆಟ್ಟು ಗಳ ಕಟ್ಟಿ ಬಟ್ಟೆ ಹೊದಿಸಬಹುದು. ಕಟ್ಟಿದ ಗಳದ ಮೇಲೆ ತಗಡು ಹಾಸಲು ಎಂಟಾಳಿಗೆ ಅರ್ಧ ಗಂಟೆ ಸಾಕು. ಆದರೆ ತಗಡು ಒಂದೇ ಲಾರಿ. ಯಾವ ಊರಿಗೆ?

ರೇಡಿಯೋ ಹಾಕಿದರೆ ಅದು ಪ್ರತಿದಿನ ಹೇಳುತ್ತಿತ್ತು: ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ತಿಮ್ಮರಾಜು ಅದನ್ನು ಸುಳ್ಳೆನ್ನುತ್ತಿರಲಿಲ್ಲ. ಆದರೆ ಅವನಿಗೆ ಬೇಕಾಗಿದ್ದುದು ಒಳನಾಡಲ್ಲ, ನಾಲ್ಕು ಅಡುಗೆ ಮನೆ. ನಾಳೆಯದಲ್ಲ, ಇನ್ನೊಂದು ಗಂಟೆಯದು.

ಉಪಾಯ ಹೊಳೆದದ್ದು ನಾಗಮಂಗಲದ ಲಕ್ಷ್ಮಣಾಚಾರಿಯಿಂದ. ಲಕ್ಷ್ಮಣ ಅಕ್ಕಸಾಲಿ, ಅಂಗಡಿಯ ಅರ್ಧದಲ್ಲಿ ಚಿನ್ನದ ಕೆಲಸ, ಉಳಿದರ್ಧದಲ್ಲಿ ಎಸ್‌ಟಿಡಿ ಬೂತು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದಾಗ ಲಕ್ಷ್ಮಣ, "ಇರಿ ರಾಜಣ್ಣ, ಮಳೆ ಬಂದ್ಬುಡ್ತು, ಬಾಗ್ಲು ಹಾಕ್ಬೇಕು," ಎಂದು ಇಟ್ಟುಬಿಟ್ಟ. ಒಂದೂಮುಕ್ಕಾಲು ಗಂಟೆ ಕಳೆದಿರಬೇಕು, ಪಾಂಡವಪುರದಲ್ಲಿ ಟಪಟಪ ಹನಿ. ತಿಮ್ಮರಾಜು ಕುರ್ಚಿಯಿಂದ ಎದ್ದೇಬಿಟ್ಟ. "ಅದೇ ಮಳೆ! ಆಚಾರ್ರ ಮಳೇನೇ ಇದು!" ಎಂದು ಕಳೆದುಹೋದ ನೆಂಟನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವನಂತೆ ಅಂಗಳಕ್ಕೆ ಓಡಿ, ಎರಡೂ ಕೈ ಚಾಚಿ ಪೂರ್ತಿ ನೆನೆದ. ಮಳೆ ಆಕಾಶದಿಂದ ಬರುವುದಲ್ಲ, ಪಕ್ಕದ ತಾಲ್ಲೂಕಿನಿಂದ ಬರುತ್ತದೆ! ಬರುವ ಮುಂಚೆ ಅದು ಯಾರದೋ ಮನೆ ದಾಟಲೇಬೇಕು. ಆ ಮನೆಯಲ್ಲಿ ಒಂದು ಫೋನಿದ್ದರೆ ಸಾಕು.

ಕಾವಲುಗಾರರು ಮೂವರಾದರು. ನಾಗಮಂಗಲಕ್ಕೆ ಲಕ್ಷ್ಮಣ. ಕೆ.ಆರ್. ಪೇಟೆಗೆ ತಿಮ್ಮರಾಜುವಿನ ಸ್ವಂತ ಅಕ್ಕ ಬೆಟ್ಟಮ್ಮ. ಭಾವ ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮನೆಯಲ್ಲಿ ಫೋನಿತ್ತು. ಶ್ರೀರಂಗಪಟ್ಟಣಕ್ಕೆ ರೈಲ್ವೆ ಸ್ಟೇಷನ್ ಹತ್ತಿರ ಸೈಕಲ್ ಶಾಪಿನ ಹೊನ್ನಪ್ಪ.

ನಿಯಮ ಸರಳವಾಗಿತ್ತು. ಅರ್ಧರ್ಧ ಗಂಟೆಗೊಮ್ಮೆ ಆಕಾಶ ನೋಡಬೇಕು. ಗಂಟೆಗೂ ಅರ್ಧ ಗಂಟೆಗೂ ಸರಿಯಾಗಿ ಲಕ್ಷ್ಮಣ, ಐದು ನಿಮಿಷ ಬಿಟ್ಟು ಬೆಟ್ಟಮ್ಮ, ಮತ್ತೈದು ನಿಮಿಷ ಬಿಟ್ಟು ಹೊನ್ನಪ್ಪ ರಿಂಗ್ ಕೊಡಬೇಕು. ಒಂದು ರಿಂಗ್ ಕೊಟ್ಟು ಇಟ್ಟರೆ ಮೋಡ, ಎರಡಾದರೆ ಗಾಳಿ, ಮೂರಾದರೆ ಹನಿ, ಬಿಡದೆ ಬಡಿದುಕೊಂಡರೆ ಜಡಿಮಳೆ. ರಿಂಗೇ ಇಲ್ಲದಿದ್ದರೆ ಆಕಾಶ ಶುಭ್ರ. ಎತ್ತಿದರೆ ಎಸ್‌ಟಿಡಿ ದುಡ್ಡು ಓಡುತ್ತದೆ, ಹಾಗಾಗಿ ಈ ಕಡೆ ಯಾರೂ ಫೋನ್ ಎತ್ತಕೂಡದು.

ಕಷ್ಟವಾದದ್ದು ಈ ಕೊನೆಯದು. ಮೊದಲ ದಿನ ಬೆಟ್ಟಮ್ಮ ಒಂದು ರಿಂಗ್ ಕೊಟ್ಟಳೋ ಇಲ್ಲವೋ, ಅಣ್ಣಮ್ಮ ಎತ್ತಿಬಿಟ್ಟಳು.

"ಅಕ್ಕಾ, ಚೆನ್ನಾಗಿದ್ದೀರಾ? ಊಟ ಆಯ್ತಾ?"

"ಆಯ್ತವ್ವ, ಉಪ್ಸಾರು. ನಿಂದು?"

ಮಳೆಯೊಂದು ಬಿಟ್ಟು ಬಾಕಿ ಎಲ್ಲವೂ ಆಯಿತು. ಹನ್ನೆರಡು ನಿಮಿಷ. ತಿಮ್ಮರಾಜು ತಲೆ ಚಚ್ಚಿಕೊಂಡ. "ಎತ್ಬ್ಯಾಡ ಅಂದಿದ್ನಲ್ಲೇ!"

"ಗಂಡನ ಅಕ್ಕ ಫೋನ್ ಮಾಡವ್ರೆ, ಎತ್ತದೆ ಸುಮ್ಕೆ ನೋಡ್ತಾ ಕೂರ್ಲಾ? ನಾಳೆ ಅವ್ರ್ ಮುಂದೆ ಯಾವ್ ಮುಖ ಇಟ್ಕೊಂಡ್ ಓಗ್ಲಿ?"

ಕೊನೆಗೆ ಫೋನಿನ ಮೇಲೆ ಒಂದು ಪಾತ್ರೆ ಬೋರಲು ಹಾಕಿದರು. ಸದ್ದು ಕೇಳಲಿ, ಕೈ ಹೋಗದಿರಲಿ ಎಂದು. ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು. ಹನಿ ಬೀಳುವ ಮುಕ್ಕಾಲು ಗಂಟೆ ಮುಂಚೆ ತಿಮ್ಮರಾಜು ಬೀದಿಗೆ ಬಂದು, "ಈಗ್ ಬತ್ತದೆ ನೋಡ್ಕಳಿ," ಅನ್ನುವುದು, ಅದು ಬರುವುದು. ಇಟ್ಟಿಗೆ ಗೂಡಿನ ಚೌಡಯ್ಯ ಹಸಿ ಇಟ್ಟಿಗೆಗೆ ತೆಂಗಿನ ಗರಿ ಮುಚ್ಚಲೋ ಬೇಡವೋ ಎಂದು ಕೇಳಲು ಬಂದ. ಆಲೆಮನೆಯವರು ಒಲೆಗೆ ಬೇಕಾದ ಕಬ್ಬಿನ ಸಿಪ್ಪೆ ಒಣಹಾಕುವ ಮುಂಚೆ ಬಂದರು. ಹಪ್ಪಳ ಮಾಡಿ ಮಾರುವ ಹೆಂಗಸರು ಬಂದು, "ರಾಜಣ್ಣ, ಸಂಜೆ ಗಂಟ ಬಿಸ್ಲು ಕೊಡ್ತೀಯೇನಪ್ಪ?" ಎಂದರು, ಸೂರ್ಯನ ಬೀಗದ ಕೈ ಅವನ ಉಡಿದಾರದಲ್ಲಿ ಇರುವ ಹಾಗೆ. ತಿಮ್ಮರಾಜು ನೆಲದ ಮೇಲೆ ನಡೆಯುವುದನ್ನೇ ಮರೆತ. ಹಿತ್ತಿಲ ಗೂಟಗಳು ಚಿಕ್ಕವಾದ ಹಾಗೆ ಕಂಡವು.

ಭಾನುವಾರ ಬಂತು. ನಾಲ್ಕು ಊರಲ್ಲೂ ಮಧ್ಯಾಹ್ನಕ್ಕೆ ಕೆಲಸ ಮುಗಿದಿತ್ತು. ತಿಮ್ಮರಾಜುವಿಗೆ ಒಂದು ಕಟ್ಟುನಿಟ್ಟು: ಮೊದಲ ಕಂಬವನ್ನು ಎಂದೂ ರಾಹುಕಾಲದಲ್ಲಿ ನೆಡುವವನಲ್ಲ. ಎಲ್ಲ ಲೆಕ್ಕ ಹಾಕಿ ಬೆಳಗ್ಗೆಯೇ ನೆಡಿಸಿದ್ದ. ಅಂಗಡಿ ಮುಂದೆ ಅರವತ್ತು ತಗಡು ಹೊತ್ತ ಲಾರಿ, ಎಂಟಾಳು, ಡ್ರೈವರ್ ಚಲುವಯ್ಯ, ರಣರಂಗಕ್ಕೆ ಹೊರಟ ರಥದ ಹಾಗೆ ಸಿದ್ಧ. ಮೂರೂ ದಿಕ್ಕಿನಲ್ಲಿ ಕಾವಲು, ನಡುವೆ ಸೇನಾಪತಿ, ಅವನ ಮುಂದೆ ಬೋರಲು ಹಾಕಿದ ಪಾತ್ರೆ.

ಮೂರು ಗಂಟೆ. ಸದ್ದಿಲ್ಲ. ಮೂರೂವರೆಗೆ ಪಾತ್ರೆಯೊಳಗೆ ಒಂದು ರಿಂಗ್. ನಾಗಮಂಗಲದಲ್ಲಿ ಮೋಡ! ಆಳುಗಳೆಲ್ಲ ಎದ್ದು ನಿಂತರು. ನಾಲ್ಕಕ್ಕೆ ಎರಡು ರಿಂಗ್: ನಾಗಮಂಗಲದಲ್ಲಿ ಗಾಳಿ. ನಾಲ್ಕೂ ಐದಕ್ಕೆ ಒಂದು: ಕೆ.ಆರ್. ಪೇಟೆಗೂ ಮೋಡ. ನಾಲ್ಕೂ ಹತ್ತಕ್ಕೆ ಏನೂ ಇಲ್ಲ: ಶ್ರೀರಂಗಪಟ್ಟಣ ಶುಭ್ರ.

"ಅಣ್ಣೋ, ಗಾಡಿ ತಿರುಗ್ಸಿ ಇಟ್ಕಳ್ಲಾ?" ಚಲುವಯ್ಯ ಕೇಳಿದ.

"ತಿರುಗ್ಸು, ತಿರುಗ್ಸು."

ಚಲುವಯ್ಯ ಲಾರಿ ಸ್ಟಾರ್ಟ್ ಮಾಡಿ, ಬೀದಿಯಲ್ಲೇ ತಿರುಗಿಸಿ, ಇಪ್ಪತ್ತು ಮಾರು ಮುಂದಕ್ಕೆ ಹೋಗಿ ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ. ಗಂಟೆ ನಾಲ್ಕೂ ಇಪ್ಪತ್ತು.

ನಾಲ್ಕೂವರೆಯಾಯಿತು. ಪಾತ್ರೆ ಮೌನ. ನಾಲ್ಕೂ ಮೂವತ್ತೈದು, ಮೌನ. ನಲವತ್ತು, ಮೌನ. ತಿಮ್ಮರಾಜು ಉಸಿರು ಬಿಟ್ಟ. ಐದಕ್ಕೂ ಸದ್ದಿಲ್ಲ, ಐದೂ ಐದಕ್ಕೂ ಇಲ್ಲ.

"ಚದುರೋಯ್ತು! ಮೋಡ ಚದುರೋಯ್ತು ಕಣ್ಲಾ ಚಲುವಾ!" ಎಂದು ಕೂಗಿ ಆಳುಗಳಿಗೆಲ್ಲ ಬೋಂಡ ತರಿಸಿದ. ತಾನೇ ಎರಡು ಕೈಯಲ್ಲಿ ಎರಡು ಬೋಂಡ ಹಿಡಿದು ಪಾತ್ರೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. "ನಾಲ್ಕಕ್ಕೆ ನಾಲ್ಕೂ ಒಣ! ಅಣ್ಣಮ್ಮ, ಆ ಗೂಟ ಕಿತ್ತಾಕು, ಅವರೆ ಗಿಡ ಅಂಬ್ಸು!"

ಅಣ್ಣಮ್ಮ ಹೊಸ ಸೀರೆ ಉಟ್ಟು, ಪಾಂಡವಪುರದ ಆರತಕ್ಷತೆಗೆ ಹೊರಟಿದ್ದಳು. ಊಟಕ್ಕಲ್ಲ, ತೀರ್ಪಿಗೆ, ಎಲೆಗಳನ್ನು ತಾನೇ ನೋಡಬೇಕೆಂದು. ಬಾಗಿಲಲ್ಲಿ ನಿಂತು ಬಡಗಲ ಕಡೆ ಕತ್ತೆತ್ತಿದಳು. ಅಲ್ಲಿ ಆಕಾಶ ಮಸಿ ಬಳಿದ ಬಾಣಲೆಯ ತಳದಂತಿತ್ತು.

"ಇದು ಚದುರಿರಾದಾ?"

"ಅಲ್ಲೇನಾದ್ರೂ ಇದ್ದಿದ್ರೆ ಆಚಾರ್ರು ರಿಂಗ್ ಕೊಡ್ತಿರ್ನಿಲ್ವಾ? ಅಕ್ಕ ಕೊಡ್ತಿರ್ನಿಲ್ವಾ?"

ಅಣ್ಣಮ್ಮ ಒಳಗೆ ತಿರುಗಿದಳು. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಅವತ್ತಿನ ಹಾಳೆಯ ಮೇಲೆ ಬೆರಳಿಟ್ಟಳು. ಭಾನುವಾರ. ರಾಹುಕಾಲ, ಸಂಜೆ ನಾಲ್ಕೂವರೆಯಿಂದ ಆರು.

"ನಿಮ್ಮಕ್ಕ ಉಟ್ದಾಗ್ನಿಂದ ರಾಹುಕಾಲ್ದಲ್ಲಿ ಒಂದ್ ಕೆಟ್ ಮಾತಾಡವ್ರಾ?"

ತಿಮ್ಮರಾಜು ಕಚ್ಚಿದ ಬೋಂಡವನ್ನು ಹಾಗೇ ಕೆಳಗಿಟ್ಟ.

ನಿಯಮ ಮಾಡುವಾಗ ಎಲ್ಲ ನೆನಪಿತ್ತು, ಇದೊಂದು ಮರೆತಿತ್ತು! ಕಂಬಕ್ಕೆ ರಾಹುಕಾಲ ನೋಡಿದವನು ಫೋನಿಗೆ ನೋಡಲಿಲ್ಲ. ಮದುವೆ ಮನೆಗೆ ಮಳೆಯ ಸುದ್ದಿ, ಅದೂ ರಾಹುಕಾಲದಲ್ಲಿ! ಬೆಟ್ಟಮ್ಮ ಪ್ರಾಣ ಹೋದರೂ ಕಳಿಸುವವಳಲ್ಲ. ಲಕ್ಷ್ಮಣನೂ ಅಷ್ಟೇ, ರಾಹುಕಾಲದಲ್ಲಿ ತಾಳಿಯ ಕೆಲಸದ ಸುತ್ತಿಗೆ ಮುಟ್ಟದ ಮನುಷ್ಯ. ಹಾಗಾದರೆ ಈ ಮೂರು ಮೌನದಲ್ಲಿ ಆಕಾಶದ ಮೌನ ಯಾವುದು, ಶಾಸ್ತ್ರದ ಮೌನ ಯಾವುದು?

ಪಾತ್ರೆ ಎತ್ತಿ ಎಸೆದು ನಾಗಮಂಗಲಕ್ಕೆ ಫೋನ್ ತಿರುಗಿಸಿದ.

"ಆಚಾರ್ರೇ, ಮಳೆ ಬಂತಾ?"

"ರಾಜಣ್ಣ, ಆರು ಗಂಟೆ ಆಗ್ಲಿ, ಏಳ್ತೀನಿ," ಲಕ್ಷ್ಮಣ ಪಿಸುಗುಟ್ಟಿದ. "ಶುಭಕಾರ್ಯ ಅಲ್ವಾ, ನನ್ ಬಾಯಿಂದ ಈಗ್ ಬ್ಯಾಡ."

"ಆರ್ ಗಂಟೆಗೆ ನನ್ ಅಂಗ್ಡಿ ಕೊಟ್ಗೆ ಆಗೋಗಿರ್ತದೆ ಆಚಾರ್ರೇ!"

ತಿಮ್ಮರಾಜು ಕಣ್ಣು ಮುಚ್ಚಿದ. ಕೇಳಿದ ಪ್ರಶ್ನೆಯನ್ನೇ ಬದಲಿಸಿದ.

"ಆಯ್ತು ಬುಡಿ. ಅಂಗ್ಡಿ ಮುಂದೆ ಸಂಜೆ ನೀರ್ ಚಿಮುಕ್ಸಿದ್ರಾ?"

"ಇವತ್ತು ಬೇಕಾಗ್ಲಿಲ್ಲ," ಅಂದ ಲಕ್ಷ್ಮಣ, ತೀರಾ ಸಹಜವಾಗಿ. "ನಾಲ್ಕೂ ನಲವತ್ತಕ್ಕೇ ಅಂಗ್ಳ ತಾನೇ ತೊಳ್ಕತು, ಐದಕ್ಕೆ ನಿಲ್ತು. ಈಗ್ ಚಪ್ರದವ್ರು ಕುರ್ಚಿ ಒರ್ಸ್ತಾ ಔರೆ. ಊಟಕ್ಕೆ ಏಳು ಗಂಟೆ, ಒಣಗ್ತದೆ."

ತಿಮ್ಮರಾಜುವಿಗೆ ಫೋನಿಗೇ ಮುತ್ತು ಕೊಡುವ ಹಾಗಾಯಿತು. ನಾಗಮಂಗಲಕ್ಕೆ ಬಂದು ಹೋಗಿದೆ! ಎಲೆ ಹಾಕುವ ಮುಂಚೆಯೇ! ಹೋದದ್ದು ಎಲ್ಲಿಗೆ? ತೆಂಕಲಿಗೆ ಇಳಿದರೆ ಪಾಂಡವಪುರ, ಪಡುವಲಿಗೆ ತಿರುಗಿದರೆ ಕೆ.ಆರ್. ಪೇಟೆ.

ಅಕ್ಕನಿಗೆ ಫೋನ್ ಮಾಡಿದ.

"ತಿಮ್ಮಾ, ಯಾಕ್ಲಾ ಈ ಒತ್ನಲ್ಲಿ? ಉಂಡ್ಯಾ?"

"ಉಂಡೆ ಅಕ್ಕ. ಅಲ್ಲಿ ಆಕಾಶ..."

"ಬಾಯ್ ಮುಚ್ಲಾ! ರಾಹುಕಾಲ. ಮದ್ವೆ ಮನೆ ಇಚಾರ. ಆ ಮಾತು ಎತ್ತಿದ್ರೆ ಫೋನ್ ಮಡುಗ್ತೀನಿ."

"ಇಲ್ಲ, ಇಲ್ಲ, ಎತ್ತಲ್ಲ. ನೀ ಏನ್ ಮಾಡ್ತಾ ಇದ್ದೀಯ? ಅದ್ನೇ ಕೇಳಾನ ಅಂತ ಮಾಡ್ದೆ."

ಬೆಟ್ಟಮ್ಮನ ದನಿ ಮೆತ್ತಗಾಯಿತು. ತಮ್ಮ ತನ್ನ ಕಷ್ಟಸುಖ ಕೇಳಲು ಫೋನ್ ಮಾಡಿ ಯಾವ ಕಾಲವಾಗಿತ್ತೋ! "ಏನ್ ಮಾಡಾದಪ್ಪ, ಒಂದೇ ಸಮ ಓಡಾಟ. ಮಾಳಿಗೆ ಮ್ಯಾಲೆ ಸಂಡ್ಗೆ ಒಣಗಾಕಿದ್ದೆ, ಎಲ್ಲಾ ಒಳಗ್ ತಂದೆ. ಸೀರೆ ತಂದೆ. ಎಮ್ಮೆ ತಾನಾಗೇ ಮನೆಗ್ ಬಂದ್ ನಿಂತ್ಕಬುಡ್ತು, ನೋಡು."

"ಓಹೋ. ಧೂಳು ಗೀಳು?"

"ಅಯ್ಯೋ, ಕೇಳ್ಬ್ಯಾಡ. ಈಗ್ತಾನೆ ಕಿಟ್ಕಿ ಹಾಕ್ದೆ."

ತಿಮ್ಮರಾಜು ಉಸಿರು ಹಿಡಿದ. "ಯಾವ್ ಕಿಟ್ಕಿ ಅಕ್ಕ?"

"ಮೂಡ್ಲ ಕಿಟ್ಕಿ ಕಣ್ಲಾ. ದೇವ್ರ ಮನೆ ದೀಪಾನೇ ಆರೋಯ್ತು."

ಮೂಡಲು! ನಾಗಮಂಗಲ ಇರುವ ದಿಕ್ಕು! ಮೋಡ ಕೆ.ಆರ್. ಪೇಟೆಗೆ ಮುಖ ಮಾಡಿದೆ. ನಾಗಮಂಗಲದಿಂದ ಹೊರಟದ್ದು ಆರೂವರೆಯ ಸುಮಾರಿಗೆ ಅಲ್ಲಿರುತ್ತದೆ. ಅಲ್ಲಿ ಊಟ ಶುರುವಾಗುವುದೂ ಆರೂವರೆಗೇ. ಈಗ ಐದೂ ಹದಿನೈದು. ಲಾರಿಗೆ ಮುಕ್ಕಾಲು ಗಂಟೆಯ ದಾರಿ, ತಗಡಿಗೆ ಅರ್ಧ ಗಂಟೆ.

"ಪ್ಯಾಟೆಗೆ! ಪ್ಯಾಟೆಗೆ ಒಡಿ ಚಲುವಾ!"

"ಮನೆ ಮುಂದೇನೇ ಇಷ್ಟ್ ಕಪ್ಗೆ ಕಟ್ಕಂಡದೆ," ಅಣ್ಣಮ್ಮ ಬಡಗಲ ಕಡೆ ಕೈ ತೋರಿಸಿದಳು. "ಇಲ್ಲಿನ್ ಮದ್ವೆ ಬುಟ್ಟು ಪ್ಯಾಟೆಗ್ ಓಯ್ತೀರಾ? ಯಾರ್ ಮಾತ್ ನಂಬ್ಕೊಂಡು?"

"ಅಕ್ಕನ್ ಕಿಟ್ಕಿ ನಂಬ್ಕೊಂಡು!"

ಅಂದವನು ಲಾರಿ ಹತ್ತಲು ಒಂದು ಕಾಲು ಎತ್ತಿದ. ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಮುಖ ಬಿಳುಚಿತು. "ಚಲುವಾ... ರಾಹುಕಾಲ ಕಣೋ. ಪ್ರಯಾಣ ಎಂಗ್ಲಾ ಒರಡಾದು?"

ಎಂಟು ಆಳುಗಳೂ ಮುಖ ಮುಖ ನೋಡಿಕೊಂಡರು. ಅವರೂ ಅದನ್ನೇ ಯೋಚಿಸುತ್ತಿದ್ದರು, ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಚಲುವಯ್ಯ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಸಾವಧಾನವಾಗಿ ಹೇಳಿದ:

"ಅಣ್ಣೋ, ನಾವು ಆಗ್ಲೇ ಒಂಟಾಗದೆ."

"ಏನಂದೆ?"

"ನಾಲ್ಕೂ ಇಪ್ಪತ್ತಕ್ಕೆ ಗಾಡಿ ಸ್ಟಾರ್ಟ್ ಮಾಡಿ, ಅಂಗ್ಡಿ ಮುಂದ್ಲಿಂದ ಬುಟ್ಟು ಬೇವಿನ ಮರಕ್ ಬಂದ್ನಾ ಇಲ್ವಾ? ಆಗಿನ್ನೂ ರಾಹುಕಾಲ ಉಟ್ಟಿರ್ನಿಲ್ಲ. ಒಂಟಿದ್ದು ಒಳ್ಳೆ ಗಳ್ಗೇಲಿ. ಈಗ್ ದಾರೀಲಿ ಬೋಂಡ ತಿನ್ನಾಕ್ ನಿಲ್ಸಿದೀವಿ, ಅಷ್ಟೇಯ."

ಬ್ರಹ್ಮಜ್ಞಾನ ಯಾರ ಬಾಯಿಂದ ಬಂದರೇನು! ತಿಮ್ಮರಾಜು ಬೇವಿನ ಮರಕ್ಕೊಂದು ನಮಸ್ಕಾರ ಹಾಕಿ ಹಾರಿ ಕೂತ. ಎಂಟಾಳು ಹಿಂದೆ ಹತ್ತಿದರು. ಲಾರಿ ಹೊರಟಿತು, ಅಲ್ಲ, ಮುಂದುವರಿಯಿತು.

ಆ ಪ್ರಯಾಣವನ್ನು ಏನೆಂದು ಹೇಳುವುದು! ಅರವತ್ತು ತಗಡು ಒಂದರ ಮೇಲೊಂದು ಕುಣಿದು ಝಣಝಣ ಎನ್ನುತ್ತಿದ್ದರೆ, ಹಳ್ಳಿಹಳ್ಳಿಯ ನಾಯಿಗಳು ಎದುರುಗೊಂಡು ಬೀಳ್ಕೊಟ್ಟವು. ಗದ್ದೆಯಲ್ಲಿದ್ದವರು ಬ್ಯಾಂಡ್ ಸೆಟ್ ಬಂತೆಂದು ಬದುವಿಗೆ ಓಡಿ ಬಂದರು. ಬಲಗಡೆಯ ಆಕಾಶದಲ್ಲಿ ಮೋಡವೂ ಹೊರಟಿತ್ತು, ಇವರ ಜೋಡಿಯಲ್ಲೇ, ಅದೇ ಊರಿಗೆ, ಮಿಂಚಿನ ಹಲ್ಲು ಕಿರಿಯುತ್ತ.

"ನೋಡ್ಲಾ, ನೋಡ್ಲಾ, ನಮ್ ಜತೇಲೇ ಬತ್ತಾ ಅದೆ!" ತಿಮ್ಮರಾಜು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಮೋಡಕ್ಕೆ ಕೈ ಬೀಸಿದ. ಇಷ್ಟು ವರ್ಷ ಬೆನ್ನ ಹಿಂದಿನಿಂದ ಬಂದು ತಲೆಗೆ ಹೊಯ್ದದ್ದು, ಇವತ್ತು ಕಣ್ಣೆದುರು ಇತ್ತು. ಅವನಿಗೆ ಭಯವೇ ಆಗಲಿಲ್ಲ. ಮದುವೆಗೆ ಹೊರಟ ದೂರದ ನೆಂಟನ ಹಾಗೆ ಕಂಡಿತು. ಸ್ವಲ್ಪ ಒರಟ, ಆದರೆ ನೆಂಟ.

"ಅದಕ್ಕೆ ಗೇರ್ ಇಲ್ಲ ಕಣಣ್ಣ, ನಾವೇ ಮುಂದೆ," ಎಂದು ಚಲುವಯ್ಯ ಹಾರನ್ ಒತ್ತಿದ.

ಆರು ಗಂಟೆ ಹೊಡೆದು ಮೂರು ನಿಮಿಷಕ್ಕೆ ಲಾರಿ ಕೆ.ಆರ್. ಪೇಟೆಯ ಮದುವೆ ಮನೆಯ ಮುಂದಿತ್ತು. ರಾಹುಕಾಲ ಕಳೆದಿತ್ತು, ಇಳಿಯಲು ಯಾವ ಅಡ್ಡಿಯೂ ಇರಲಿಲ್ಲ. ಹೆಣ್ಣಿನ ತಂದೆ ಗಾಬರಿಯಿಂದ ಓಡಿ ಬಂದರು. "ಏನ್ ರಾಜಣ್ಣ, ಆರತಿ ಒತ್ಗೆ ತಗ್ಡು ತಂದ್ಬುಟ್ಟೆ?"

"ಮಾತ್ ಬ್ಯಾಡ ಗೌಡ್ರೆ, ಏಣಿ ಇಡೀರಿ!"

ಎಂಟಾಳು ಸಾಲದೆಂದು ಗಂಡಿನ ಕಡೆಯ ಹುಡುಗರು ಬುಶ್ ಷರ್ಟು ಬಿಚ್ಚಿ ಕಂಬ ಹತ್ತಿದರು. ಅಡುಗೆ ಭಟ್ಟರು ಸೌಟು ಬಿಟ್ಟು ತಗಡು ಎತ್ತಿಕೊಟ್ಟರು. ನಾದಸ್ವರದವರು ನಡುವೆ ಬೇಡವೆಂದು ಮರೆಗೆ ಹೋದರೂ ಡೋಲಿನವನು ಮಾತ್ರ ಹುರುಪಿಗೆ ಬಿದ್ದು ಪ್ರತಿ ತಗಡಿಗೂ ಒಂದು ಪೆಟ್ಟು ಹಾಕಿದ. ಐವತ್ತೆಂಟು, ಐವತ್ತೊಂಬತ್ತು. ಅರವತ್ತನೆಯ ತಗಡಿನ ಹಗ್ಗ ಗಂಟು ಬಿಗಿಯುವಾಗ ತಿಮ್ಮರಾಜುವಿನ ಮೂಗಿನ ಮೇಲೆ ಮೊದಲ ಹನಿ ಬಿತ್ತು. ಏಣಿಯಿಂದ ಇಳಿಯಲಿಲ್ಲ, ಜಾರಿದ.

ಆಮೇಲೆ ಸುರಿಯಿತು. ಅರವತ್ತು ತಗಡೂ ಒಟ್ಟಿಗೆ ಬಾಯಿ ತೆರೆದವು. ಬಡಿಸುವವನು "ಪಾಯ್ಸ, ಪಾಯ್ಸ" ಎಂದು ಕೂಗಿದ್ದು ಪಕ್ಕದವನಿಗೂ ಕೇಳಿಸಲಿಲ್ಲ. ಬೇಕೆಂದವರು ಕೈ ಎತ್ತಿದರು, ಬೇಡವೆಂದವರೂ ಕೈ ಅಡ್ಡ ಹಿಡಿದರು, ಇಬ್ಬರಿಗೂ ಬಿತ್ತು. ತಿಮ್ಮರಾಜು ಪಂಕ್ತಿಯ ಉದ್ದಕ್ಕೂ ಬಗ್ಗಿ ಬಗ್ಗಿ ಒಂದೊಂದೇ ಎಲೆ ನೋಡಿಕೊಂಡು ಹೋದ. ಉಪ್ಪು, ಕೋಸಂಬರಿ, ಪಲ್ಯ, ಅನ್ನ. ಗುಣಿಯಲ್ಲಿ ಸಾರು. ಬರೀ ಸಾರು! ಬೆಟ್ಟಮ್ಮ ಸೆರಗು ತಲೆಗೆ ಹೊದ್ದು ಓಡಿ ಬಂದಳು.

"ತಿಮ್ಮಾ! ಆರ್ ಗಂಟೆ ಆದೇಟ್ಗೆ ರಿಂಗ್ ಕೊಟ್ಟೆ ಕಣ್ಲಾ, ಸುರಿದೇಟ್ಗೆ ಬಿಡದಂಗೆ ಕೊಟ್ಟೆ! ನೀ ಇಲ್ಲಿದ್ದೀಯ? ನಿಂಗೆ ಯಾರ್ಲಾ ಏಳಿದ್ದು?"

"ನೀನೇ ಅಕ್ಕ."

"ನಾ ಎಲ್ಲೇಳ್ದೆ? ಬುಡ್ತು ಅನ್ನು! ರಾಹುಕಾಲ್ದಲ್ಲಿ ನಾನು ಅಂಥ ಮಾತಾಡ್ತೀನಾ?"

"ಇಲ್ಲ ಕಣಕ್ಕ, ನೀ ಏನೂ ಏಳ್ನಿಲ್ಲ," ಎಂದು ಮಳೆಯಲ್ಲೇ ಅವಳ ಕಾಲಿಗೆ ಬಿದ್ದ.

ಏಳೂವರೆಗೆ ಮಳೆ ನಿಂತಿತು. ಅಕ್ಕನ ಮನೆಯಿಂದ ಒಂದೊಂದೇ ಊರಿಗೆ ಫೋನ್ ಮಾಡಿದ. ನಾಗಮಂಗಲದಲ್ಲಿ ಕುರ್ಚಿ ಒಣಗಿ ಎರಡನೇ ಪಂಕ್ತಿ ಕೂತಿತ್ತು. ಶ್ರೀರಂಗಪಟ್ಟಣದ ಹೊನ್ನಪ್ಪನಿಗೆ ಮಾತ್ರ ತುಂಬ ಬೇಜಾರು. "ಮಧ್ಯಾಹ್ನದಿಂದ ಆಕಾಶಾನೇ ನೋಡ್ತಾ ಕುಂತಿವ್ನಿ ರಾಜಣ್ಣ, ಕತ್ತು ಇಡ್ಕಬುಡ್ತು. ಒಂದ್ ತುಣ್ಕೂ ಮೋಡ ಇಲ್ಲ. ನಂಗೆ ಒಂದೇ ಒಂದ್ ರಿಂಗು ಕೊಡೋ ಭಾಗ್ಯ ಇಲ್ವಲ್ಲ!"

ಉಳಿದದ್ದು ಪಾಂಡವಪುರ. ಮನೆಯ ನಂಬರ್ ತಿರುಗಿಸಿದ. ಮನೆಯ ಮುಂದಿನ ಆ ಕಪ್ಪು ಏನಾಯಿತೋ! ಒಂದೇ ರಿಂಗಿಗೆ ಅಣ್ಣಮ್ಮ ಎತ್ತಿದಳು. ಏನೋ ಉಸಿರುಗಟ್ಟಿದ ಸದ್ದು. ಅಳುತ್ತಿದ್ದಾಳೆಯೇ?

"ಅಣ್ಣಮ್ಮ, ಎಲೆ ನೆಂದ್ವಾ?"

ಅಳುವಲ್ಲ, ನಗು. ತಡೆಯಲಾಗದೆ ಅವಳು ಬಿಕ್ಕಿ ಬಿಕ್ಕಿ ನಗುತ್ತಿದ್ದಳು. "ಇಲ್ಲ ಕಣ್ರೀ. ಒಂದೊಂದ್ ಎಲೇನೂ ಕಣ್ಣಾರೆ ನೋಡ್ದೆ. ಸ್ವಾಗತದ ಕಮಾನಿಗೆ ಐದ್ ಅನಿ ಬಿತ್ತು, ಎಣಿಸ್ದೆ. ಒಳಿಕ್ ಒಂದೂ ಇಲ್ಲ. ನೀವ್ ಗೆದ್ರಿ."

"ಮತ್ಯಾಕೆ ನಗ್ತೀಯೆ?"

"ಮದ್ವೆ ತೆಂಕ್ಲ ಬೀದೀಲಿ. ನಮ್ಮನೆ ಬಡಗ್ಲು. ಇಲ್ಲಿಗೆ ಬಂದ್ ನೋಡಿದ್ರೆ ನಮ್ ಇತ್ಲಲ್ಲಿ ಮೊಳಕಾಲುದ್ದ ನೀರು! ಊರ್ನವರ ಎಲೆ ಕಾಯಾಕ್ ಓಗಿ ನನ್ ಅಸಗಳ್ನ ನೆನ್ಸಾಕ್ಬುಟ್ಟೆ! ಮೂರೂ ನನ್ನೇ ಗುರಾಯಿಸ್ಕೊಂಡ್ ನಿಂತವೆ!"

ಆ ಕಡೆ ಅವಳು, ಈ ಕಡೆ ಅವನು, ಪಕ್ಕದಲ್ಲಿ ಏನೆಂದು ತಿಳಿಯದ ಬೆಟ್ಟಮ್ಮ, ಮೂವರೂ ತಂತಿಯ ಎರಡು ತುದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಸ್‌ಟಿಡಿ ಓಡುತ್ತಲೇ ಇತ್ತು, ಭಾವನವರು ಗೋಡೆ ಗಡಿಯಾರ ನೋಡಿ ನಿಟ್ಟುಸಿರಿಟ್ಟರು.

ಮರುದಿನ ಬೆಳಕು ಹರಿಯುವಾಗ, ಯಾರೂ ಕೇಳದೆಯೇ, ತಿಮ್ಮರಾಜು ಹಿತ್ತಿಲಿನ ನಾಲ್ಕು ಗೂಟಗಳನ್ನು ಕಿತ್ತು ಅದೇ ಜಾಗಕ್ಕೆ ನಾಲ್ಕು ಕಂಬ ನೆಟ್ಟ. ರಾಹುಕಾಲ ಶುರುವಾಗುವುದು ಏಳೂವರೆಗೆ. ಅದರೊಳಗೆ ಕೆಲಸ ಮುಗಿಯಿತು. ಮೇಲೆ ತಗಡಿಲ್ಲ, ತಗಡು ಅಂಗಡಿಯದು, ರಾತ್ರಿಯೇ ಬಿಚ್ಚಿ ತಂದು ಅಂದಿನ ಧಾರೆ ಊಟಗಳಿಗೆಂದು ಲಾರಿಯಲ್ಲಿಟ್ಟದ್ದು. ಒಂದು ಟಾರ್ಪಾಲು, ಅದರ ಕೆಳಗೆ ಹಳೆಯ ಶಾಮಿಯಾನ, ಕೆಂಪು ಹಳದಿ ಪಟ್ಟೆ, ಸುತ್ತ ಝಾಲರಿ. ಮೂರು ಹಸುಗಳು ಅದರಡಿಯಲ್ಲಿ ಬೀಗರ ಗತ್ತಿನಲ್ಲಿ ನಿಂತು ಮೆಲುಕು ಹಾಕಿದವು. ಒಂದಂತೂ ಝಾಲರಿಯ ಮೂಲೆಯನ್ನೇ ಬಾಯಿಗಿಟ್ಟುಕೊಂಡಿತ್ತು.

ಏಳೂ ಇಪ್ಪತ್ತೈದಕ್ಕೆ ಫೋನ್ ಬಡಿದುಕೊಂಡಿತು. ಅದರ ಮೇಲೆ ಈಗ ಪಾತ್ರೆ ಇರಲಿಲ್ಲ. ಅಣ್ಣಮ್ಮ ಮೊದಲ ರಿಂಗಿಗೇ ಎತ್ತಿ, ಊಟ ತಿಂಡಿ ವಿಚಾರಿಸಿ, ಗಂಡನ ಕಡೆ ತಿರುಗಿದಳು.

"ಅಕ್ಕ ಏಳ್ತಾವ್ರೆ, ಮಾಳಿಗೆ ಮ್ಯಾಲೆ ಆರು ಸೀರೆ ಒಣಗಾಕವ್ರಂತೆ. ರೇಷ್ಮೆದೂ ಸೇರ್ಸಿ."

ತಿಮ್ಮರಾಜು ಬೀದಿಗೆ ಓಡಿದ. "ಚಲುವಾ, ತಗ್ಡು ಇಳ್ಸ್ಬುಡ್ಲಾ! ಇವತ್ತು ಬರೀ ಬಟ್ಟೆ ಸಾಕು!"